ಅರ್ಧ ನನ್ನದಾದ ಭಾಷೆ: ಆಧುನಿಕ ಐರಿಷ್ ಕವಿಗಳ ಬಗ್ಗೆ

ಐರಿಷ್ ಕವಿತೆ ಅಂದ ಕೂಡಲೇ ನಿಮಗೆ ಯೇಟ್ಸ್ ನೆನಪಾಗುತ್ತಾರೆ, ಆಮೇಲೆ ಶೇಮಸ್ ಹೀನಿ. ಇಬ್ಬರನ್ನೂ ಇವತ್ತಿನ ಮಟ್ಟಿಗೆ ಪಕ್ಕಕ್ಕಿಡೋಣ. ಯೇಟ್ಸ್‌ಗೆ ಐರಿಷ್ ಬರುತ್ತಿರಲಿಲ್ಲ. ಹೀನಿಗೆ ಬರುತ್ತಿತ್ತು, ಹಳೆಯ ಐರಿಷ್ ಕಾವ್ಯವನ್ನು ಇಂಗ್ಲಿಷಿಗೆ ತಂದವರೂ ಹೌದು, ಆದರೆ ತಮ್ಮ ಸ್ವಂತ ಕವಿತೆಯನ್ನು ಇಂಗ್ಲಿಷಿನಲ್ಲೇ ಬರೆದರು. ನಾನು ಮಾತಾಡಬೇಕೆಂದಿರುವುದು ಅದೇ ದ್ವೀಪದ ಇನ್ನೊಂದು ಭಾಷೆಯ ಬಗ್ಗೆ. ಆಡುವವರು ಅದನ್ನು ಗೇಲ್ಗ ಅನ್ನುತ್ತಾರೆ. ಇದು ಇಂಗ್ಲಿಷಿನ ಒಂದು ಬಗೆಯಲ್ಲ. ಸೆಲ್ಟಿಕ್ ಕುಟುಂಬದ ಭಾಷೆ, ಸ್ಕಾಟಿಷ್ ಗೇಲಿಕ್‌ಗೆ ಒಡಹುಟ್ಟು, ವೆಲ್ಷ್‌ಗೆ ದೂರದ ನಂಟು. ವಾಕ್ಯದ ಮೊದಲಿಗೇ ಕ್ರಿಯಾಪದ ಬರುತ್ತದೆ, ನಮ್ಮದಕ್ಕೆ ನೇರ ತಿರುವುಮುರುವು.

ಮೊದಲು ಸ್ವಲ್ಪ ಲೆಕ್ಕ. 1845ರಿಂದ ಆಲೂಗಡ್ಡೆ ಬೆಳೆ ವರ್ಷದ ಮೇಲೆ ವರ್ಷ ಕೊಳೆತು ಬಿದ್ದ ಬರಗಾಲದಲ್ಲಿ ಸುಮಾರು 10 ಲಕ್ಷ ಜನ ಸತ್ತರು, ಅದಕ್ಕೂ ಹೆಚ್ಚು ಜನ ಹಡಗು ಹತ್ತಿದರು. ಹೊಡೆತ ಹೆಚ್ಚು ಬಿದ್ದದ್ದು ಪಶ್ಚಿಮ ಮತ್ತು ದಕ್ಷಿಣದ ಬಡ ರೈತರಿಗೆ, ಎಂದರೆ ಐರಿಷ್ ಆಡುವವರಿಗೆ. ಬರದ ಕೊನೆಗಾಲದಲ್ಲಿ, 1851ರ ಜನಗಣತಿಯಲ್ಲಿ, ಐರಿಷ್ ಬಲ್ಲವರು ಇನ್ನೂ 15 ಲಕ್ಷ ಇದ್ದರು. ನಲವತ್ತು ವರ್ಷ ಕಳೆಯುವಷ್ಟರಲ್ಲಿ, 1891ಕ್ಕೆ, ಅದು 6.8 ಲಕ್ಷಕ್ಕೆ ಇಳಿಯಿತು. ಈ ಎರಡನೆಯ ಇಳಿತವೇ ಹೆಚ್ಚು ಯೋಚಿಸಬೇಕಾದದ್ದು. ಅದು ಹಸಿವಿನ ಸಾವಲ್ಲ, ಮನೆಯೊಳಗಿನ ತೀರ್ಮಾನ. 1831ರಲ್ಲಿ ಶುರುವಾದ ರಾಷ್ಟ್ರೀಯ ಶಾಲೆಗಳಲ್ಲಿ ಪಾಠವೆಲ್ಲ ಇಂಗ್ಲಿಷಿನಲ್ಲಿತ್ತು. ಮಗುವಿನ ಕುತ್ತಿಗೆಗೆ ಒಂದು ಕೋಲು ಕಟ್ಟುತ್ತಿದ್ದರು. ಐರಿಷ್ ಮಾತು ಬಾಯಿಂದ ಬಂದಾಗಲೆಲ್ಲ ಕೋಲಿಗೆ ಒಂದು ಕಚ್ಚು. ದಿನದ ಕೊನೆಗೆ ಕಚ್ಚು ಎಣಿಸಿ ಅಷ್ಟು ಏಟು. ಮನೆಯಲ್ಲಿ ಆಡಿದ ಮಾತಿಗೆ ಕಚ್ಚು ಹಾಕಿ ಮೇಷ್ಟ್ರ ಹತ್ತಿರ ಕಳಿಸುತ್ತಿದ್ದವರು ಅಪ್ಪ ಅಮ್ಮಂದಿರು. ಮಗ ನಾಳೆ ಬೋಸ್ಟನ್ನಿಗೆ ಹೋಗಬೇಕು, ಅಲ್ಲಿ ಈ ಭಾಷೆ ಕೂಳು ಹಾಕುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು. ಅವರನ್ನು ಕ್ರೂರಿಗಳೆನ್ನಲು ನನಗೆ ಬಾಯಿ ಬರುವುದಿಲ್ಲ.

ಈಗ ಇವತ್ತಿನ ಚಿತ್ರ. 1937ರ ಸಂವಿಧಾನದ 8ನೆಯ ವಿಧಿಯ ಪ್ರಕಾರ ಐರಿಷ್ ಆ ದೇಶದ ರಾಷ್ಟ್ರಭಾಷೆ, ಮೊದಲ ಅಧಿಕೃತ ಭಾಷೆ. ಇಂಗ್ಲಿಷಿಗೆ ಎರಡನೆಯ ಸ್ಥಾನ. 2022ರ ಜನಗಣತಿಯಲ್ಲಿ ‘ನನಗೆ ಐರಿಷ್ ಬರುತ್ತದೆ’ ಎಂದವರು 18.7 ಲಕ್ಷ, ಜನಸಂಖ್ಯೆಯ ಸುಮಾರು ನೂರಕ್ಕೆ ನಲವತ್ತು. ಆದರೆ ಶಾಲೆಯ ಹೊರಗೆ ದಿನಾ ಆಡುವವರು? 71,968. ಈ ಎರಡು ಸಂಖ್ಯೆಗಳ ನಡುವಿನ ಕಂದಕದಲ್ಲೇ ಆಧುನಿಕ ಐರಿಷ್ ಕವಿತೆ ಹುಟ್ಟಿದ್ದು. ಮನೆಮಾತಾಗಿ ಭಾಷೆ ಪಡೆದವರು ಬೆರಳೆಣಿಕೆ. ಶಾಲೆಯಲ್ಲಿ, ರಜೆಯಲ್ಲಿ, ಅಜ್ಜಿಯ ಮನೆಯಲ್ಲಿ, ನಿಘಂಟಿನಲ್ಲಿ ಪಡೆದವರೇ ಹೆಚ್ಚು. ಹೀಗೆ ಅರ್ಧಂಬರ್ಧ ಸಿಕ್ಕಿದ ಭಾಷೆಯಲ್ಲಿ ಬರೆದವರೇ ಆ ಕಾವ್ಯದ ದೊಡ್ಡ ಪಾಲನ್ನು ಕಟ್ಟಿದರು. ‘ಈ ಭಾಷೆ ನಿನ್ನದೇನು?’ ಎಂಬ ಜಗಳ ಅವರಿಗೆ ವೇದಿಕೆಯ ಭಾಷಣದಲ್ಲಿ ನಡೆದದ್ದಲ್ಲ, ವ್ಯಾಕರಣದೊಳಗೆ ನಡೆದದ್ದು. ನನ್ನ ಮಾತಿನ ತಿರುಳು ಇಷ್ಟೇ. ಉಳಿದದ್ದೆಲ್ಲ ಉದಾಹರಣೆ.

ವ್ಯಾಕರಣದೊಳಗೆ ಜಗಳ ಅಂದರೆ ಏನು? ಒಂದು ಸಣ್ಣ ಪ್ರಯೋಗ ಮಾಡೋಣ. ದೋಣಿಗೆ ಐರಿಷಿನಲ್ಲಿ ‘ಬಾಡ್’. ಈಗ ‘ಅ’ ಎಂಬ ಒಂದಕ್ಷರದ ಪದವನ್ನು ಅದರ ಮೊದಲಿಗೆ ಸೇರಿಸಿ. ‘ಅ ವಾಡ್’ ಅಂದರೆ ಅವನ ದೋಣಿ. ‘ಅ ಬಾಡ್’ ಅಂದರೆ ಅವಳ ದೋಣಿ. ‘ಅ ಮಾಡ್’ ಅಂದರೆ ಅವರ ದೋಣಿ. ಮೂರರಲ್ಲೂ ‘ಅ’ ಒಂದೇ, ನಾಮಪದವೂ ಒಂದೇ. ಬದಲಾಗುವುದು ನಾಮಪದದ ಮೊದಲ ವ್ಯಂಜನ ಮಾತ್ರ. ದೋಣಿ ಯಾರದ್ದೆಂದು ತಿಳಿಯುವುದು ಅದರಿಂದಲೇ. ನಮ್ಮಲ್ಲಿ ಸಂಧಿಯಲ್ಲಿ ಕ-ತ-ಪಗಳು ಗ-ದ-ಬ ಆಗುತ್ತವೆ, ಆದರೆ ಅದರಿಂದ ಅರ್ಥ ಬದಲಾಗುವುದಿಲ್ಲ. ಅಲ್ಲಿ ಬದಲಾಗುತ್ತದೆ. ಮನೆಮಾತಾಗಿ ಪಡೆದವನಿಗೆ ಇದು ಉಸಿರಾಡಿದಷ್ಟು ಸಹಜ. ತಡವಾಗಿ ಕಲಿತವನು ಇಲ್ಲಿ ಎಡವುತ್ತಾನೆ: ಗಂಡಸಿನ ದೋಣಿ ಹೆಂಗಸಿನದಾಗುತ್ತದೆ, ಕೇಳಿದವರಿಗೆ ಇವನು ಹೊರಗಿನವನೆಂದು ಒಂದೇ ಪದದಲ್ಲಿ ಗೊತ್ತಾಗುತ್ತದೆ.

ಛಂದಸ್ಸಿನ ಬಗ್ಗೆಯೂ ಎರಡು ಮಾತು ಹೇಳಬೇಕು, ಏಕೆಂದರೆ ಪರಂಪರೆ ಎಂಬುದು ಅಲ್ಲಿ ಕಿವಿಯಲ್ಲಿದೆ. ಸುಮಾರು 1200ರಿಂದ 1650ರವರೆಗೆ ವೃತ್ತಿಪರ ಕವಿಗಳ ಶಾಲೆಗಳಿದ್ದವು. ವರ್ಷಗಟ್ಟಲೆ ಕಲಿಕೆ, ಕತ್ತಲ ಕೋಣೆಯಲ್ಲಿ ಮಲಗಿ, ಬರೆಯದೆ, ಮನಸ್ಸಿನಲ್ಲೇ ಪದ್ಯ ಕಟ್ಟಬೇಕು. ಸಾಲಿಗೆ ಸಾಮಾನ್ಯವಾಗಿ ಏಳು ಅಕ್ಷರ. ಪ್ರಾಸಕ್ಕೆ ವ್ಯಂಜನಗಳನ್ನು ವರ್ಗಗಳಾಗಿ ವಿಂಗಡಿಸಿದ್ದರು: ಕ, ತ, ಪ ಒಂದು ಗುಂಪು, ಗ, ದ, ಬ ಇನ್ನೊಂದು. ಒಂದೇ ಗುಂಪಿನ ಯಾವ ವ್ಯಂಜನ ಬಂದರೂ ಪ್ರಾಸ ಕೂಡುತ್ತದೆ. ನಾಗವರ್ಮನ ಛಂದೋಂಬುಧಿ ಓದಿದವರಿಗೆ ಇಂಥ ಲೆಕ್ಕಾಚಾರ ಹೊಸದೇನಲ್ಲ. 1601ರ ಕಿನ್‌ಸೇಲ್ ಯುದ್ಧದಲ್ಲಿ ಗೇಲಿಕ್ ನಾಯಕರು, ಎಂದರೆ ಈ ಕವಿಗಳನ್ನು ಸಾಕುತ್ತಿದ್ದ ಐರಿಷ್ ಒಡೆಯರು, ಇಂಗ್ಲಿಷರಿಗೆ ಸೋತು, 1607ರಲ್ಲಿ ದೇಶ ಬಿಟ್ಟರು. ಪೋಷಕರಿಲ್ಲದೆ ಶಾಲೆಗಳು ಮುಚ್ಚಿದವು. ಉಳಿದದ್ದು ಜನರ ಬಾಯಲ್ಲಿದ್ದ ಹಾಡಿನ ಮಟ್ಟು. ಅದರಲ್ಲಿ ವ್ಯಂಜನಕ್ಕಿಂತ ಸ್ವರ ಮುಖ್ಯ. ಒಂದು ಸಾಲಿನಲ್ಲಿ ಒತ್ತು ಬೀಳುವ ಜಾಗಗಳಲ್ಲಿ ಆ-ಏ-ಏ-ಈ ಎಂಬ ಸ್ವರಗಳಿದ್ದರೆ ಮುಂದಿನ ಸಾಲಿನಲ್ಲೂ ಅದೇ ಜಾಗಗಳಲ್ಲಿ ಅವೇ ಸ್ವರಗಳು ಬರಬೇಕು. ನಮ್ಮ ಆದಿಪ್ರಾಸದಲ್ಲಿ ಎರಡನೆಯ ಅಕ್ಷರದ ವ್ಯಂಜನ ಒಂದೇ ಆಗಿರಬೇಕು, ಸ್ವರ ಏನಾದರೂ ಆಗಬಹುದು. ಅವರದು ಅದರ ಉಲ್ಟಾ. ಈ ಸ್ವರಗಳ ಸರಪಳಿ ಅನುವಾದದಲ್ಲಿ ಮೊದಲು ಕಳಚಿಬೀಳುತ್ತದೆ, ಯಾವ ಭಾಷೆಗೆ ತಂದರೂ.

ಈಗ ಕವಿಗಳಿಗೆ ಬರೋಣ. ಮಾರ್ಟೀನ್ ಓ ಡಿರಾನ್ ಹುಟ್ಟಿದ್ದು 1910ರಲ್ಲಿ, ಪಶ್ಚಿಮ ಕಡಲಿನ ಅರನ್ ದ್ವೀಪಗಳಲ್ಲಿ ದೊಡ್ಡದಾದ ಇನಿಶ್ ಮೋರ್‌ನಲ್ಲಿ. ನಾನು ಇವತ್ತು ಹೆಸರಿಸುವ ಮುಖ್ಯ ಕವಿಗಳಲ್ಲಿ ಐರಿಷನ್ನು ಇಂಗ್ಲಿಷಿನ ಕಲಬೆರಕೆ ಇಲ್ಲದೆ ಮಡಿಲಲ್ಲಿ ಪಡೆದವರು ಇವರೊಬ್ಬರೇ. 1928ರಲ್ಲಿ ಗಾಲ್ವೇಯ ಅಂಚೆ ಕಚೇರಿಗೆ ಸೇರಿದರು, ಅಲ್ಲಿಂದ ಡಬ್ಲಿನ್ನಿಗೆ ಹೋಗಿ ಸರ್ಕಾರಿ ನೌಕರರಾದರು. 1942ರಲ್ಲಿ ಮೊದಲ ಸಂಕಲನ ಬಂತು. ಅವರ ‘ಸ್ಟೊಚ’ ಎಂಬ ಸಣ್ಣ ಕವಿತೆಯನ್ನು ನೋಡಿ. ಹೆಸರಿನ ಅರ್ಥ ಬೇರು ಕಿತ್ತದ್ದು. ನಮ್ಮ ಅಪ್ಪಂದಿರು, ಅವರ ಅಪ್ಪಂದಿರು ಬೋಳು ಬಂಡೆಯ ಜೊತೆ ಕುಸ್ತಿ ಹಿಡಿದರು. ಮನೆ ಕಟ್ಟಿದರು, ಗೋಡೆ ಎಬ್ಬಿಸಿದರು, ಆ ಕಲ್ಲು ಅವರ ನೆನಪನ್ನು ಹೊತ್ತು ನಿಂತಿದೆ. ನಾವು ಬಿಟ್ಟುಹೋಗುವುದೇನು? ಯಾವುದೋ ಸರ್ಕಾರಿ ಕಚೇರಿಯಲ್ಲಿ ಧೂಳು ಹೊತ್ತ ಕಡತಗಳ ರಾಶಿ.

ಅರನ್ ನೋಡಿದವರಿಗೆ ಆ ಕುಸ್ತಿಯ ಮಾತು ಅತಿಶಯ ಅನ್ನಿಸುವುದಿಲ್ಲ. ಅಲ್ಲಿ ನೆಲವೆಂದರೆ ಸುಣ್ಣಕಲ್ಲಿನ ಹಾಸು. ಬಿರುಕುಗಳಿಗೆ ಮರಳು ಮತ್ತು ಕಡಲಪಾಚಿ ತಂದು ಸುರಿದು, ಪದರ ಪದರವಾಗಿ ಮಣ್ಣು ಮಾಡಿ, ಅದರಲ್ಲಿ ಆಲೂಗಡ್ಡೆ ಬೆಳೆಯಬೇಕು. ಕವಿತೆಯ ವ್ಯಂಗ್ಯ ಇನ್ನೊಂದು ಕಡೆಗೂ ತಿರುಗುತ್ತದೆ. ಓ ಡಿರಾನ್ ಹೊಟ್ಟೆ ಹೊರೆದದ್ದು ಸ್ವತಂತ್ರ ಐರ್ಲೆಂಡಿನ ಸರ್ಕಾರದಿಂದಲೇ. ಅದೇ ಸರ್ಕಾರ ಐರಿಷನ್ನು ಕಡತದ ಭಾಷೆ ಮಾಡಲು ಹೊರಟಿತ್ತು, ಆ ಕಡತಗಳೇ ಕವಿತೆಯಲ್ಲಿ ಧೂಳು ತಿನ್ನುತ್ತವೆ. ಭಾಷೆ ಪೂರ್ತಿ ತನ್ನದಾಗಿದ್ದವನಿಗೆ ನೆಲ ಕೈತಪ್ಪಿತು.

ಶಾನ್ ಓ ರಿಯರ್ಡಾನ್ ಅವರ ಕಥೆ ಇದಕ್ಕಿಂತ ಗೋಜಲು. ಹುಟ್ಟಿದ್ದು 1916ರಲ್ಲಿ, ಕಾರ್ಕ್ ಜಿಲ್ಲೆಯ ಬ್ಯಾಲಿವೂರ್ನಿಯಲ್ಲಿ. ಆಗ ಆ ಊರೇ ಒಂದು ಭಾಷೆಯಿಂದ ಇನ್ನೊಂದಕ್ಕೆ ಜಾರುತ್ತಿತ್ತು. ತಾಯಿಯದು ಇಂಗ್ಲಿಷ್, ತಂದೆಗೆ ಎರಡೂ ಬರುತ್ತಿತ್ತು, ಪಕ್ಕದ ಮನೆಯ ಅಜ್ಜಿಯದು ಐರಿಷ್. ಒಂದು ಹೊಸ್ತಿಲು ದಾಟಿದರೆ ಭಾಷೆ ಬದಲು. ಹದಿನೈದರ ವಯಸ್ಸಿನಲ್ಲಿ ಕುಟುಂಬ ಕಾರ್ಕ್ ನಗರದ ಹತ್ತಿರ ಬಂತು, ಅಲ್ಲಿ ಸುತ್ತಮುತ್ತ ಇಂಗ್ಲಿಷೇ. ನಗರಸಭೆಯಲ್ಲಿ ಗುಮಾಸ್ತಿಕೆ, ಇಪ್ಪತ್ತೆರಡಕ್ಕೆ ಕ್ಷಯ, ಮುಂದೆ ಬದುಕಿಡೀ ಕೆಮ್ಮು ಮತ್ತು ಒಂಟಿ ಕೋಣೆ. 1952ರಲ್ಲಿ ‘ಎರಬಲ್ ಸ್ಪಿಡೋಗ’ ಎಂಬ ಮೊದಲ ಸಂಕಲನ ಬಂತು. ತಾಯಿಯ ಶವಸಂಸ್ಕಾರದ ಕವಿತೆ ಅದರಲ್ಲಿದೆ, ಐರಿಷ್ ಓದುವವರೆಲ್ಲರಿಗೂ ಗೊತ್ತಿರುವಂಥದ್ದು. ಐರಿಷ್ ಕವಿತೆಗೆ ಅದುವರೆಗೆ ಇಲ್ಲದಿದ್ದ ಒಳತೋಟಿಯ, ಅನುಮಾನದ ದನಿ ಅದರಲ್ಲಿತ್ತು. ಪದಗಳನ್ನು ಜೋಡಿಸಿ ಹೊಸ ಸಮಾಸ ಮಾಡುವ ಚಾಳಿಯೂ ಇತ್ತು.

ಆ ಚಾಳಿಯ ಮೇಲೆಯೇ ಏಟು ಬಿತ್ತು. ಮಾಯ್ರಾ ವಾಕ್ ಅನ್ ಟೀ ಎಂಬ ಕವಿ ಮರುವರ್ಷ ವಿಮರ್ಶೆ ಬರೆದು, ಈ ಐರಿಷ್ ಸಹಜವಾಗಿಲ್ಲ, ಇದರ ಕೆಳಗೆ ಇಂಗ್ಲಿಷ್ ಹರಿಯುತ್ತಿದೆ ಎಂಬರ್ಥದ ಮಾತು ಆಡಿದರು. ಅದು ಓ ರಿಯರ್ಡಾನ್ ಅವರಿಗೆ ನಾಟಿತು. ಅವರು ಡಿಂಗಲ್ ಪರ್ಯಾಯದ್ವೀಪದ ತುದಿಯ ಡೂನ್ ಖೀನ್ ಎಂಬ ಹಳ್ಳಿಗೆ ಮತ್ತೆ ಮತ್ತೆ ಹೋಗಿ ಜನರ ಮಾತು ಕೇಳಿ ಬರತೊಡಗಿದರು. ಹನ್ನೆರಡು ವರ್ಷದ ನಂತರ, 1964ರಲ್ಲಿ, ‘ಬ್ರೊಸ್ನಾ’ ಬಂತು. ಹೆಸರಿನ ಅರ್ಥ ಒಲೆಗೆ ಆಯ್ದು ತಂದ ಪುಳ್ಳೆ. ಮೊದಲ ಸಂಕಲನದ ದಪ್ಪಕ್ಕೆ ಹೋಲಿಸಿದರೆ ಕೃಶ ಪುಸ್ತಕ. ಸಾಲುಗಳು ಕುಗ್ಗಿವೆ, ಸಮಾಸಗಳು ಕಡಿಮೆಯಾಗಿವೆ.

ಅದರಲ್ಲಿ ಎರಡು ಕವಿತೆಗಳನ್ನು ಅಕ್ಕಪಕ್ಕ ಇಟ್ಟು ಓದಬೇಕು. ‘ಫಿಲ್ ಅರೀಶ್’, ಎಂದರೆ ‘ಮರಳಿ ಹೋಗು’, ಒಂದು ಆಜ್ಞೆಯ ಕವಿತೆ. ಇಂಗ್ಲಿಷ್ ನಾಗರಿಕತೆಯ ಹೇರಿನ ಜೀನನ್ನು ಮನಸ್ಸಿನ ಬೆನ್ನಿನಿಂದ ಇಳಿಸು, ಶೆಲ್ಲಿ ಕೀಟ್ಸ್ ಷೇಕ್ಸ್‌ಪಿಯರರನ್ನು ಕಳಚು, ಬುದ್ಧಿ ತೊಳೆ, ನಾಲಿಗೆ ತೊಳೆ, ಡೂನ್ ಖೀನ್‌ಗೆ ನಡೆ. ನಿಮ್ಮಲ್ಲಿ ಕೆಲವರಿಗೆ ಇದು ಹುಮ್ಮಸ್ಸು ತರಬಹುದು. ನನಗೆ ಇನ್ನೊಂದು ಕವಿತೆಯೇ ಹೆಚ್ಚು ಸತ್ಯ ಅನ್ನಿಸುತ್ತದೆ. ಅದರ ಹೆಸರು ‘ಅ ಹ್ಯಾಂಗ ಶೊ ಲ್ಯಾ-ಲ್ಯುಮ್’: ಅರ್ಧ ನನ್ನದಾದ ಭಾಷೆಯೇ. ಇಲ್ಲಿ ಆಜ್ಞೆಯಿಲ್ಲ, ಪ್ರಶ್ನೆಯಿದೆ. ನಮ್ಮಿಬ್ಬರ ನಡುವೆ ಈ ಗಂಟು ಹಾಕಿದವರು ಯಾರು? ಪೂರ್ತಿ ನನ್ನದಾಗದಿದ್ದರೆ ನಿನ್ನಿಂದ ಪ್ರಯೋಜನವೇನು? ನಿನ್ನ ಪಕ್ಕದಲ್ಲೇ ಇನ್ನೊಂದು ಭಾಷೆ ನಿಂತಿದೆ, ‘ನನ್ನ ಜೊತೆಗಿರು’ ಅನ್ನುತ್ತಿದೆ. ಇಬ್ಬರ ಮನೆಗೂ ಪೂರ್ತಿ ಸೇರದವನ ಸಂಕಟ ಇದು. ಮರಳಿ ಹೋಗು ಎಂದು ತನಗೆ ತಾನೇ ಹೇಳಿಕೊಂಡ ಕವಿಯೇ, ಹೋಗಿಯೂ ತಾನು ಅಲ್ಲಿಯವನಾಗಲಾರೆನೆಂದು ಅದೇ ಪುಸ್ತಕದಲ್ಲಿ ಬರೆದ.

ಇಲ್ಲಿ ಒಂದು ಅಡ್ಡಮಾತು. ನಮ್ಮಲ್ಲಿ ಬೇಂದ್ರೆಯವರ ಮನೆಮಾತು ಮರಾಠಿ, ಮಾಸ್ತಿಯವರದೂ ಪುತಿನ ಅವರದೂ ತಮಿಳು. ಹಾಗಾದರೆ ಓ ರಿಯರ್ಡಾನ್ ಅವರ ಗೋಳು ಏಕಿಷ್ಟು ದೊಡ್ಡದು ಎಂದು ನೀವು ಕೇಳಬಹುದು. ಬೇಂದ್ರೆ ಮನೆಯಿಂದ ಹೊರಗೆ ಕಾಲಿಟ್ಟರೆ ಧಾರವಾಡವೇ ಕನ್ನಡ ಆಡುತ್ತಿತ್ತು. ಸಾಧನಕೇರಿಯ ಹಾದಿಯಲ್ಲೇ ಗಾದೆ, ಲಾವಣಿ, ಬೈಗುಳ ಎಲ್ಲ ಸಿಗುತ್ತಿದ್ದವು. ಕಾರ್ಕ್ ನಗರಸಭೆಯ ಗುಮಾಸ್ತನಿಗೆ ಬೀದಿಯಲ್ಲಿ ಐರಿಷ್ ಬೈಗುಳ ಸಿಗುತ್ತಿರಲಿಲ್ಲ.

ವಿಮರ್ಶೆ ಬರೆದ ಮಾಯ್ರಾ ವಾಕ್ ಅನ್ ಟೀ ಯಾರು? ಅವರೂ ಗೇಲ್ಟಾಕ್ಟ್, ಎಂದರೆ ಐರಿಷ್ ಆಡುವ ಸೀಮೆಯಲ್ಲಿ ಹುಟ್ಟಿದವರಲ್ಲ. 1922ರಲ್ಲಿ ಡಬ್ಲಿನ್ನಿನಲ್ಲಿ, ಮಂತ್ರಿಯಾಗಲಿದ್ದ ರಾಜಕಾರಣಿಯ ಮಗಳಾಗಿ ಹುಟ್ಟಿದರು. ಸೋದರಮಾವ ಪಾದ್ರಿ ಮತ್ತು ವಿದ್ವಾಂಸ, ಡೂನ್ ಖೀನ್‌ನಲ್ಲಿ ಮನೆ ಕಟ್ಟಿದ್ದರು. ಬಾಲ್ಯದ ದೊಡ್ಡ ಭಾಗ ಅಲ್ಲೇ ಕಳೆದು, ಹಳ್ಳಿಯ ಹೆಂಗಸರ ಮಾತು ಇವರ ಬಾಯಿಗೆ ಬಂತು. ಮುಂದೆ ವಕೀಲಿಕೆ ಓದಿದರು, ರಾಜತಾಂತ್ರಿಕ ಸೇವೆಗೆ ಸೇರಿದರು. ‘ಮಾಯ್ರಾ ನೀ ಓಗಾನಳ ಚೌಪದಿಗಳು’ ಎಂಬ ಅವರ ಕವಿತೆಗುಚ್ಛ 1956ರ ಸಂಕಲನದಲ್ಲಿದೆ. ಗಾದೆಯಲ್ಲಿ ಬರುವ ದಡ್ಡ ಹೆಂಗಸೊಬ್ಬಳ ಹೆಸರನ್ನು ಹೊದ್ದು, ಸಮಾಜ ಒಪ್ಪದ ಪ್ರೇಮದ ಬಗ್ಗೆ, ಹಾಸಿಗೆಯ ಬಗ್ಗೆ, ಮತ್ಸರದ ಬಗ್ಗೆ ಬರೆದದ್ದು. ಚರ್ಚಿನ ಹಿಡಿತದಲ್ಲಿದ್ದ ಆಗಿನ ಐರ್ಲೆಂಡಿನಲ್ಲಿ ಹೆಣ್ಣೊಬ್ಬಳು ಇದನ್ನು ಇಂಗ್ಲಿಷಿನಲ್ಲಿ ಬರೆದಿದ್ದರೆ ರಂಪವಾಗುತ್ತಿತ್ತು. ಜನಪದ ಪ್ರೇಮಗೀತೆಯ ಹಳೆಯ ಮಟ್ಟು ಅವರಿಗೆ ಮರೆಯಾಯಿತು. ಪರಂಪರೆ ಕಟ್ಟಿಹಾಕುತ್ತದೆ ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಇಲ್ಲಿ ಅದು ಬಿಡುಗಡೆಯ ದಾರಿಯಾಯಿತು.

1970ರಲ್ಲಿ ಕಾರ್ಕ್ ವಿಶ್ವವಿದ್ಯಾಲಯದಲ್ಲಿ ಹುಡುಗರ ಗುಂಪೊಂದು ‘ಇಂಟಿ’ ಎಂಬ ಪತ್ರಿಕೆ ತಂದಿತು. ಮೊದಮೊದಲು ಅದು ಪುಸ್ತಕವೂ ಅಲ್ಲ, ಒಂದು ದೊಡ್ಡ ಹಾಳೆ. ಮೈಕೆಲ್ ಡ್ಯಾವಿಟ್, ಲಿಯಮ್ ಓ ಮುರ್ಹಿಲ, ಗೇಬ್ರಿಯಲ್ ರೋಸೆನ್‌ಸ್ಟಾಕ್, ನೂಲಾ ನೀ ಗೋನಿಲ್. ಹೆಚ್ಚಿನವರು ಪೇಟೆಯ ಮಕ್ಕಳು, ಶಾಲೆಯಲ್ಲಿ ಐರಿಷ್ ಕಲಿತವರು. ರೋಸೆನ್‌ಸ್ಟಾಕ್ ಅವರ ತಂದೆ ಜರ್ಮನ್. ಓ ರಿಯರ್ಡಾನ್ ಆಗ ಅದೇ ವಿಶ್ವವಿದ್ಯಾಲಯದಲ್ಲಿ ಅರೆಕಾಲಿಕ ಪಾಠಕ್ಕೆ ಬರುತ್ತಿದ್ದರು, ಹುಡುಗರಿಗೆ ಅವರ ಮೇಲೆ ಅಭಿಮಾನವಿತ್ತು, ಆದರೆ ಅವರ ಅಪರಾಧಪ್ರಜ್ಞೆ ಬೇಕಿರಲಿಲ್ಲ. ರಾಕ್ ಸಂಗೀತ, ಅಮೆರಿಕದ ಬೀಟ್ ಕವಿಗಳು, ಪಬ್ಬು, ಬಸ್ಸು ಎಲ್ಲ ಐರಿಷಿಗೆ ಬಂದವು. ಅದೇ ಡ್ಯಾವಿಟ್, ಬ್ಲಾಸ್ಕೆಟ್ ದ್ವೀಪದ ಮುದುಕಿಯೊಬ್ಬಳು ತೀರಿಕೊಂಡಾಗ ಬರೆದ ಚರಮಗೀತೆ ಆ ಪೀಳಿಗೆಯ ಶ್ರೇಷ್ಠ ಕವಿತೆಗಳಲ್ಲೊಂದು. ಬ್ಲಾಸ್ಕೆಟ್ ದ್ವೀಪವನ್ನು 1953ರಲ್ಲಿ ಖಾಲಿ ಮಾಡಿಸಿದ್ದರು. ಪೇಟೆಯ ಹುಡುಗ ಯಾರಿಂದ ಭಾಷೆ ಪಡೆದನೋ ಅವರ ಊರೇ ಇರಲಿಲ್ಲ.

ಮೈಕೆಲ್ ಹಾರ್ಟ್ನೆಟ್ ಈ ಗುಂಪಿನವರಲ್ಲ. ಲಿಮೆರಿಕ್ ಜಿಲ್ಲೆಯವರು, ಅಜ್ಜಿಯ ಬಾಯಲ್ಲಿ ಐರಿಷ್ ಕೇಳಿದವರು, ಇಂಗ್ಲಿಷ್ ಕವಿಯಾಗಿ ಹೆಸರು ಮಾಡಿದವರು. 1974ರಲ್ಲಿ ಡಬ್ಲಿನ್ನಿನ ರಂಗಮಂದಿರವೊಂದರಲ್ಲಿ ನಿಂತು, ಇನ್ನು ಮೇಲೆ ಐರಿಷಿನಲ್ಲಿ ಮಾತ್ರ ಬರೆಯುತ್ತೇನೆ ಎಂದು ಘೋಷಿಸಿದರು. ಮರುವರ್ಷ ಇಂಗ್ಲಿಷಿಗೆ ವಿದಾಯ ಹೇಳುವ ಸಂಕಲನ ಬಂತು, ಅದು ಇಂಗ್ಲಿಷಿನಲ್ಲೇ ಇತ್ತು. ಹತ್ತು ವರ್ಷ ಮಾತು ಉಳಿಸಿಕೊಂಡರು. 1985ರಲ್ಲಿ ಇಂಗ್ಲಿಷ್ ಹೈಕುಗಳೊಂದಿಗೆ ಮರಳಿದರು. ಸೋಲು ಎಂದವರುಂಟು. ಆದರೆ ಆ ಹತ್ತು ವರ್ಷದ ಸಾಧನೆ ಎಂದರೆ ಹಳೆಯ ಗೇಲಿಕ್ ಕವಿಗಳೊಳಗೆ ಇಳಿದದ್ದು. ಹದಿನೇಳನೆಯ ಶತಮಾನದ ಓ ಬ್ರೂಡರ್‌ನನ್ನು ಅವರು ಇಂಗ್ಲಿಷಿಗೆ ತಂದ ಪರಿ ಅದರಿಂದ ಬಂದದ್ದು.

ಹಾರ್ಟ್ನೆಟ್ ಹೆಸರು ಬಂದಾಗಲೆಲ್ಲ ನನಗೆ ಜೇಮ್ಸ್ ಕಸಿನ್ಸ್ ನೆನಪಾಗುತ್ತದೆ. ಬೆಲ್‌ಫಾಸ್ಟಿನಲ್ಲಿ ಹುಟ್ಟಿದ ಐರಿಷ್ ಕವಿ, 1915ರಲ್ಲಿ ಭಾರತಕ್ಕೆ ಬಂದವರು, ಮದನಪಲ್ಲಿಯಲ್ಲಿ ಪಾಠ ಹೇಳಿದವರು. ಮೈಸೂರಿಗೆ ಬಂದಿದ್ದಾಗ ವಿದ್ಯಾರ್ಥಿ ಪುಟ್ಟಪ್ಪ ತಮ್ಮ ಇಂಗ್ಲಿಷ್ ಕವಿತೆಗಳನ್ನು ಅವರಿಗೆ ತೋರಿಸಿದ್ದು, ನಿನ್ನ ಭಾಷೆಯಲ್ಲಿ ಬರೆ ಎಂದು ಕಸಿನ್ಸ್ ಹೇಳಿದ್ದು, ಕನ್ನಡದಲ್ಲಿ ಹೊಸ ಛಂದೋರೂಪಗಳಿಲ್ಲವಲ್ಲ ಎಂಬ ಅಳುಕಿಗೆ ಅವನ್ನು ನೀನೇ ತರಬೇಕು ಎಂಬ ಉತ್ತರ ಸಿಕ್ಕಿದ್ದು ನಿಮಗೆಲ್ಲ ಗೊತ್ತಿರುವ ಪ್ರಸಂಗ. ನಾವು ಕೇಳದೆ ಬಿಟ್ಟಿರುವ ಪ್ರಶ್ನೆ ಒಂದಿದೆ: ಕಸಿನ್ಸ್ ಯಾವ ಭಾಷೆಯಲ್ಲಿ ಬರೆಯುತ್ತಿದ್ದರು? ಇಂಗ್ಲಿಷಿನಲ್ಲಿ. ಐರಿಷ್ ಪುರಾಣಗಳ ವಸ್ತು, ಇಂಗ್ಲಿಷ್ ನುಡಿ. ಆ ಸಲಹೆ ಸುಳ್ಳಾಗಲಿಲ್ಲ, ನಮಗೆ ಕುವೆಂಪು ದಕ್ಕಿದರು. ಹೊರಟದ್ದು ಮಾತ್ರ ತನ್ನ ನಾಡಿನ ಭಾಷೆಯಲ್ಲಿ ಬರೆಯದ ಕವಿಯ ಬಾಯಿಂದ.

ನೂಲಾ ನೀ ಗೋನಿಲ್ ಬಗ್ಗೆ ಸ್ವಲ್ಪ ನಿಧಾನಿಸುತ್ತೇನೆ. 1952ರಲ್ಲಿ ಇಂಗ್ಲೆಂಡಿನ ಲ್ಯಾಂಕಶೈರಿನಲ್ಲಿ, ಐರಿಷ್ ವೈದ್ಯ ದಂಪತಿಗೆ ಹುಟ್ಟಿದರು. ಐದನೆಯ ವಯಸ್ಸಿಗೆ ಡಿಂಗಲ್ ಕಡೆಯ ಗೇಲ್ಟಾಕ್ಟಿನಲ್ಲಿದ್ದ ಚಿಕ್ಕಮ್ಮನ ಮನೆಗೆ ಕಳಿಸಿದರು. ಭಾಷೆ ಸಿಕ್ಕಿತು, ತಾಯಿಯ ಮಡಿಲು ತಪ್ಪಿತು. ಎರಡೂ ಒಟ್ಟಿಗೆ ಆದವು. ಮುಂದೆ ಟರ್ಕಿಯ ಭೂವಿಜ್ಞಾನಿಯನ್ನು ಮದುವೆಯಾಗಿ ಕೆಲವು ವರ್ಷ ಅಲ್ಲಿದ್ದರು. 1981ರಲ್ಲಿ ಮೊದಲ ಸಂಕಲನ. ಅವರ ಪದಗಳು ಬರುವ ಜಾಗ ನೋಡಬೇಕು. 1935ರಲ್ಲಿ ಐರ್ಲೆಂಡ್ ಜಾನಪದ ಆಯೋಗ ಸ್ಥಾಪಿಸಿತು. 1937ರಿಂದ 39ರವರೆಗೆ ಸುಮಾರು 5,000 ಶಾಲೆಗಳ ಮಕ್ಕಳು ತಮ್ಮ ಅಜ್ಜಅಜ್ಜಿಯರಿಂದ ಕೇಳಿ ಬರೆದು ತಂದದ್ದು ಸುಮಾರು 7.4 ಲಕ್ಷ ಪುಟ. ನೀ ಗೋನಿಲ್ ಈ ಜಾನಪದ ಭಂಡಾರದಲ್ಲಿ ಕೂತು ಓದಿದವರು. ಒಬ್ಬ ಅಜ್ಜಿಯಿಂದ ಅಲ್ಲ, ಸಾವಿರಾರು ಅಜ್ಜಿಯರಿಂದ ಭಾಷೆ ಪಡೆದರು ಅನ್ನಬಹುದು.

ಮೀನ್ಗನ್ನಿಕೆಯರ ಮೇಲೆ ಅವರ ಒಂದು ಕವಿತಾಸರಣಿಯಿದೆ. ಕಡಲಿಂದ ಒಣನೆಲಕ್ಕೆ ಬಂದ ಜನ. ಕಿವಿಯ ಹಿಂದೆ ಕಿವಿರಿದ್ದ ಗುರುತು ಇನ್ನೂ ಇದೆ, ಆದರೆ ನೀರಿನ ಮಾತೆತ್ತಿದರೆ ಸಿಡುಕುತ್ತಾರೆ. ಅದರಲ್ಲಿ ‘ನೀರಿನ ನೆನಪು’ ಎಂಬ ಕವಿತೆ. ಮೀನ್ಗನ್ನಿಕೆಯ ಮಗಳಿಗೆ ಕೆಲವೊಮ್ಮೆ ಬಚ್ಚಲುಮನೆಯಲ್ಲಿ ನೀರು ತುಂಬಿಕೊಂಡ ಹಾಗೆ ಅನ್ನಿಸುತ್ತದೆ. ಮನೋವೈದ್ಯರ ಮುಂದೆ ಕೂತಾಗ ಅದನ್ನು ಹೇಳಲು ಅವಳಿಗೆ ಪದವಿಲ್ಲ. ತೆಳುವಾದ ದ್ರವ, ಹೊಳೆಯುತ್ತದೆ, ಪಾರದರ್ಶಕ, ಒದ್ದೆ ಎಂದು ಸುತ್ತಿ ಸುತ್ತಿ ವಿವರಿಸುತ್ತಾಳೆ. ‘ನೀರು’ ಎಂಬ ಪದವೊಂದನ್ನು ಬಿಟ್ಟು ಎಲ್ಲ ಇದೆ. ಕೋಲಿಗೆ ಕಚ್ಚು ಹಾಕಿದ ಮನೆಗಳ ಮೂರನೆಯ, ನಾಲ್ಕನೆಯ ತಲೆಮಾರಿನ ಚಿತ್ರ ಇದು. ಕವಿತೆ ಎಲ್ಲೂ ಭಾಷೆ ಎಂಬ ಮಾತನ್ನು ಎತ್ತುವುದಿಲ್ಲ, ಬರವನ್ನೂ ಹೆಸರಿಸುವುದಿಲ್ಲ. ಭಾಷೆಯ ಅಳಿವಿನ ಬಗ್ಗೆ ನಾನು ಓದಿದ ನೂರು ಪ್ರಬಂಧಗಳಿಗಿಂತ ಇದು ಹೆಚ್ಚು ಹೇಳುತ್ತದೆ.

ಇನ್ನು ಅನುವಾದದ ತಂಟೆ. 1980ರ ದಶಕದಿಂದ ಐರಿಷ್ ಕವಿತೆಯ ಪುಸ್ತಕಗಳು ಎರಡು ಭಾಷೆಯಲ್ಲಿ ಬರತೊಡಗಿದವು. ಎಡಪುಟದಲ್ಲಿ ಐರಿಷ್, ಬಲಪುಟದಲ್ಲಿ ಇಂಗ್ಲಿಷ್. ಓದುಗರು ಹೆಚ್ಚಿದರು, ನೀ ಗೋನಿಲ್ ಅವರ 1990ರ ಸಂಕಲನಕ್ಕೆ ಹೀನಿಯೂ ಸೇರಿ 13 ಕವಿಗಳು ಅನುವಾದ ಮಾಡಿದರು. ಆದರೆ ಕಣ್ಣು ತಾನಾಗಿ ಬಲಪುಟಕ್ಕೆ ಹೋಗುತ್ತದೆ. ಶಾಲೆಯಲ್ಲಿ ಹನ್ನೆರಡು ವರ್ಷ ಐರಿಷ್ ಓದಿದವರೂ ಕಷ್ಟದ ಸಾಲು ಬಂದ ಕೂಡಲೇ ಬಲಕ್ಕೆ ಜಾರುತ್ತಾರೆ. ಇದಕ್ಕೆ ಕವಿಗಳ ಉತ್ತರ ಒಂದೇ ಬಗೆಯದಲ್ಲ. ಬಿಡ್ಡಿ ಜೆಂಕಿನ್ಸನ್ ಎಂಬ ಕಾವ್ಯನಾಮದ ಕವಿ, ಐರ್ಲೆಂಡಿನಲ್ಲಿ ತನ್ನ ಕವಿತೆ ಇಂಗ್ಲಿಷಿಗೆ ಬರಕೂಡದು ಎಂದರು. ಎಲ್ಲವನ್ನೂ ಇಂಗ್ಲಿಷಿನ ಕಣಜಕ್ಕೆ ತುಂಬಿಡಬಹುದು ಎಂದುಕೊಂಡವರಿಗೆ ಇದೊಂದು ಸಣ್ಣ ಒರಟು ಸನ್ನೆ ಎಂದರು. ಬೇರೆ ಭಾಷೆಗಳಿಗೆ ಅಭ್ಯಂತರವಿಲ್ಲ. ಬೆಲ್‌ಫಾಸ್ಟಿನ ಗ್ಯಾರೋಡ್ ಮಾಕ್ ಲೋಕ್ಲನ್ ಇನ್ನೊಂದು ಉಪಾಯ ಹೂಡಿದರು: ಬಲಪುಟದ ಇಂಗ್ಲಿಷನ್ನೇ ಬೇಕೆಂದೇ ಬೇರೆ ಮಾಡಿ, ಅದನ್ನೇ ನಂಬಿದವರ ಕಾಲೆಳೆದರು. ಡಿರನ್ ನೀ ಗ್ರೀಫಾ ತಾವೇ ಎರಡೂ ಪುಟ ಬರೆಯುತ್ತಾರೆ. ನನ್ನ ಒಲವು ಜೆಂಕಿನ್ಸನ್ ಕಡೆಗಿದೆ. ಆದರೆ ನೀ ಗೋನಿಲ್ ಕೂಡ ಅದೇ ಹಠ ಹಿಡಿದಿದ್ದರೆ ಇವತ್ತು ನಾವಿಲ್ಲಿ ಅವರ ಬಗ್ಗೆ ಮಾತಾಡುತ್ತಿರಲಿಲ್ಲ ಎಂಬುದನ್ನೂ ಒಪ್ಪಬೇಕು.

ಕನ್ನಡಕ್ಕೆ ತರುವ ಆಸೆಯಿರುವವರು ಇಲ್ಲಿ ಕೆಲವರಾದರೂ ಇದ್ದೀರಿ. ಇಂಗ್ಲಿಷ್ ಪುಟ ಹಿಡಿದು ಹೊರಟರೆ ಏನಾಗುತ್ತದೆ ಎಂಬುದಕ್ಕೆ ಒಂದು ಉದಾಹರಣೆ. ನೀ ಗೋನಿಲ್ ಅವರ ‘ಅನ್ ಕ್ರಾನ್’, ಎಂದರೆ ‘ಮರ’, ಹೀಗೆ ಶುರುವಾಗುತ್ತದೆ: ದೇವತೆಗಳು ವಾಸಿಸುವ ಮಣ್ಣುದಿಬ್ಬದ ಹೆಂಗಸು ಬ್ಲ್ಯಾಕ್ ಆಂಡ್ ಡೆಕರ್ ಗರಗಸ ಹಿಡಿದು ಬಂದಳು, ನನ್ನ ಮರ ಕಡಿದು ಹಾಕಿದಳು. ಆ ದಿಬ್ಬಗಳಿಗೆ ‘ಲಿಸ್’ ಎನ್ನುತ್ತಾರೆ. ಅಲ್ಲಿಯ ಮರ ಮುಟ್ಟಿದವರಿಗೆ ಕೇಡು ತಪ್ಪಿದ್ದಲ್ಲ ಎಂಬ ನಂಬಿಕೆ ಐರ್ಲೆಂಡಿನ ಹಳ್ಳಿಗಳಲ್ಲಿ ಗಟ್ಟಿಯಾಗಿದೆ. ಕವಿತೆ ಅದನ್ನು ತಲೆಕೆಳಗು ಮಾಡಿದೆ: ಅವರೇ ಬಂದು ಮನುಷ್ಯರ ಮರ ಕಡಿಯುತ್ತಿದ್ದಾರೆ. ಕವಿ ಪಾಲ್ ಮಲ್ಡೂನ್ ಅವರ ಇಂಗ್ಲಿಷ್ ಅನುವಾದದಲ್ಲಿ ದಿಬ್ಬದ ಹೆಂಗಸು ಮಿಂಚುವ ಯುವತಿಯಾಗಿದ್ದಾಳೆ, ಬರೀ ಮರ ಕ್ವಿನ್ಸ್ ಮರವಾಗಿದೆ. ಇಂಗ್ಲಿಷ್ ಕವಿತೆಯಾಗಿ ಸೊಗಸು. ಆದರೆ ಅದರಿಂದ ಕನ್ನಡಕ್ಕೆ ಬಂದರೆ ನಂಬಿಕೆಯೇ ಮಾಯ, ಉಳಿಯುವುದು ಗರಗಸ. ಹಾಗೆಂದು ಯಕ್ಷಿಣಿ, ಮೋಹಿನಿ ಅಂದರೂ ತಪ್ಪು. ಅವರು ಬೇರೆ ಕೆಲಸಕ್ಕೆ ಬರುವವರು. ನಮ್ಮ ಕರಾವಳಿಯ, ಮಲೆನಾಡಿನ ಬನಗಳಿವೆಯಲ್ಲ, ಕಡ್ಡಿ ಮುರಿಯಲೂ ಹೆದರುವಂಥವು, ಆ ಭಯದ ಹತ್ತಿರ ಹೋಗಬೇಕು. ‘ಬನದವಳು’ ಎಂದರೆ ಹೆಚ್ಚುಕಡಿಮೆ ಕೂಡೀತು.

ಇನ್ನೊಂದು ಕಡೆ ನಮ್ಮದೇ ಪರಂಪರೆ ದಾರಿ ತಪ್ಪಿಸುತ್ತದೆ. ‘ಕೆಶ್ಟ್ ನ ಟ್ಯಾಂಗನ್’, ಭಾಷೆಯ ಪ್ರಶ್ನೆ, ಎಂಬುದು ನೀ ಗೋನಿಲ್ ಅವರ ಅತಿ ಪ್ರಸಿದ್ಧ ಕವಿತೆ. ನನ್ನ ಆಸೆಯನ್ನು ಭಾಷೆಯೆಂಬ ಪುಟ್ಟ ದೋಣಿಯಲ್ಲಿಟ್ಟು ನೀರಿಗೆ ಬಿಡುತ್ತೇನೆ. ಎಲೆಗಳನ್ನು ಹೆಣೆದ ಬುಟ್ಟಿ, ತಳಕ್ಕೆ ರಾಳ ಮೆತ್ತಿದೆ, ಅದರಲ್ಲಿ ಕೂಸು ಮಲಗಿಸಿದ ಹಾಗೆ. ಜೊಂಡಿನ ನಡುವೆ ಬಿಟ್ಟರೆ ಹೊಳೆ ಎಲ್ಲಿಗೆ ಒಯ್ಯುತ್ತದೋ, ಫೇರೋನ ಮಗಳ ಮಡಿಲಿಗೂ ಇರಬಹುದು. ಇದನ್ನು ಓದಿದ ಕನ್ನಡಿಗನಿಗೆ ಬೈಬಲಿನ ಮೋಸೆಗಿಂತ ಮೊದಲು ಕರ್ಣ ನೆನಪಾಗುತ್ತಾನೆ. ಕುಂತಿ ಕೂಸನ್ನು ನೀರಿಗೆ ಬಿಟ್ಟದ್ದು ಲೋಕದ ಬಾಯಿಗೆ ಹೆದರಿ. ಮೋಸೆಯ ತಾಯಿ ಬಿಟ್ಟದ್ದು ಈಜಿಪ್ಟಿನ ದೊರೆ ಫೇರೋ ಹೂಡಿದ್ದ ಕೊಲೆಯಿಂದ ತಪ್ಪಿಸಲು. ಬೈಬಲಿನಲ್ಲಿ ಕೂಸು ಸಿಕ್ಕಿದ ಮೇಲೆ ಹಾಲೂಡಿಸಲು ಸಂಬಳಕ್ಕೆ ಗೊತ್ತಾಗುವವಳು ಅದರ ಹೆತ್ತ ತಾಯಿಯೇ. ಶತ್ರುವಿನ ಅರಮನೆಯಲ್ಲಿ ಬೆಳೆದರೂ ಹಾಲು ಅವಳದೇ. ಕವಿತೆ ಆ ಭಾಗಕ್ಕೆ ಹೋಗದೆ ನಿಲ್ಲುತ್ತದೆ, ಆದರೆ ಐರಿಷ್ ಓದುಗರಿಗೆ ಮುಂದಿನದು ಗೊತ್ತಿದೆ, ಕವಿತೆಯ ಆಸೆ ನಿಂತಿರುವುದೇ ಅದರ ಮೇಲೆ. ಕನ್ನಡದಲ್ಲಿ ‘ತೇಲಿಬಿಟ್ಟ ಕೂಸು’ ಎಂದು ಬರೆದ ಕೂಡಲೇ ಅನಾಥನ ಛಾಯೆ ಬೀಳುತ್ತದೆ. ಬುಟ್ಟಿಯ ಹೆಣಿಗೆ, ರಾಳದ ಮೆತ್ತುಗೆ, ಈ ಎರಡು ಕೈಕೆಲಸದ ವಿವರಗಳನ್ನು ಒಂದಿಷ್ಟೂ ಚುಟುಕು ಮಾಡದೆ ತಂದರೆ ಆ ಛಾಯೆ ತಕ್ಕಮಟ್ಟಿಗೆ ಸರಿಯುತ್ತದೆ. ಬಿಸಾಡುವವರು ತಳಕ್ಕೆ ರಾಳ ಮೆತ್ತುವುದಿಲ್ಲ ಎಂಬುದು ಓದುಗನಿಗೆ ತಾನಾಗಿ ಹೊಳೆಯುತ್ತದೆ. ಫೇರೋನ ಮಗಳ ಹೆಸರನ್ನೂ ‘ರಾಜಕುಮಾರಿ’ ಎಂದು ತೆಳುಮಾಡಬಾರದು. ಒಂದು ಅಡಿಟಿಪ್ಪಣಿ ಬೇಕಾದರೆ ಹಾಕಿ, ನಮ್ಮಲ್ಲಿ ಅಡಿಟಿಪ್ಪಣಿಗೆ ಯಾರೂ ಹೆದರುವುದಿಲ್ಲ.